ಒಡವೆಗೂ ಉಂಟು ಸವಕಳಿ: ಮನೆಯಲ್ಲಿ ಚಿನ್ನದ ಶುಚಿ ಮತ್ತು ಸಂರಕ್ಷಣೆ

ವ್ಯಾಪಾರ ಸಂಸ್ಥೆಗಳ ಲೆಕ್ಕಪತ್ರಗಳಲ್ಲಿ ಯಂತ್ರ, ವಾಹನ, ಪೀಠೋಪಕರಣ ಮೊದಲಾದ ಆಸ್ತಿಗಳ ಮೇಲೆ ಪ್ರತಿ ವರ್ಷವೂ ಸವಕಳಿಯನ್ನು ಲೆಕ್ಕ ಹಾಕುವುದು ರೂಢಿಯಲ್ಲಿದೆ. ಉಪಯೋಗದಿಂದ ಆಸ್ತಿ ಸವೆಯುತ್ತದೆ, ಸವೆದಷ್ಟೂ ಅದರ ಬೆಲೆ ಕುಗ್ಗುತ್ತದೆ ಎಂಬುದೇ ಇದರ ತಿರುಳು. ಅಂಗಡಿಯ ತಕ್ಕಡಿಗೂ ಮೇಜಿಗೂ ತಪ್ಪದೆ ಸವಕಳಿ ಬರೆಯುವ ವರ್ತಕನಿಗೆ ತನ್ನ ಮನೆಯ ಬೀರುವಿನಲ್ಲಿರುವ ಒಡವೆಗಳ ವಿಷಯದಲ್ಲಿ ಮಾತ್ರ ಈ ವಿಚಾರ ಹೊಳೆಯುವುದಿಲ್ಲ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಹುಳು ಬೀಳುವುದಿಲ್ಲ, ದರವಂತೂ ಏರುತ್ತಲೇ ಬಂದಿದೆ; ಹೀಗಿರುವಾಗ ಅದಕ್ಕೆ ಸವಕಳಿ ಎಲ್ಲಿಂದ ಬರಬೇಕು ಎಂಬುದು ಸಾಮಾನ್ಯ ನಂಬಿಕೆ.

ವಸ್ತುಸ್ಥಿತಿ ಬೇರೆಯೇ ಆಗಿದೆ. ಚಿನ್ನ ಅಕ್ಷರಶಃ ಸವೆಯುತ್ತದೆ. ಧರಿಸುವುದರಿಂದ ಸ್ವಲ್ಪ, ತಪ್ಪು ಕ್ರಮದಲ್ಲಿ ಉಜ್ಜುವುದರಿಂದ ಇನ್ನಷ್ಟು, ಹೊಳಪಿನ ಆಸೆಯಿಂದ ಪದೇ ಪದೇ ಪಾಲಿಷ್ ಮಾಡಿಸುವುದರಿಂದ ಮತ್ತೂ ಹೆಚ್ಚು. ಮಗಳ ಮದುವೆಗೆಂದು ಸರವನ್ನು ಹೊರತೆಗೆದು ತೂಗಿಸಿದಾಗ ಹಳೆಯ ರಸೀದಿಯ ತೂಕಕ್ಕೂ ತಕ್ಕಡಿಯ ತೂಕಕ್ಕೂ ತಾಳೆಯಾಗದೆ ಮನೆಯವರೂ ಅಂಗಡಿಯವರೂ ಪರಸ್ಪರ ಸಂಶಯದಿಂದ ನೋಡುವ ಪ್ರಸಂಗಗಳು ಅಪರೂಪವಲ್ಲ. ಒಡವೆಯನ್ನು ಮನೆಯಲ್ಲಿಯೇ ಸರಿಯಾದ ರೀತಿಯಲ್ಲಿ ತೊಳೆದು, ಸರಿಯಾಗಿ ಇರಿಸಿ, ಅದರ ತೂಕವನ್ನು ಬರೆದಿಟ್ಟುಕೊಂಡರೆ ಈ ನಷ್ಟದ ಬಹುಪಾಲನ್ನು ತಪ್ಪಿಸಬಹುದು.

ಚಿನ್ನ ಮಂಕಾಗುವುದೇಕೆ?

ಅಪ್ಪಟ ಚಿನ್ನ ಗಾಳಿಯೊಂದಿಗಾಗಲೀ ನೀರಿನೊಂದಿಗಾಗಲೀ ವರ್ತಿಸುವುದಿಲ್ಲ. ಆದರೆ ಅಪ್ಪಟ ಚಿನ್ನ ಬಹಳ ಮೆದು. ಅದರಿಂದ ಮಾಡಿದ ಬಳೆ ಬಾಗುತ್ತದೆ, ಕೊಕ್ಕೆ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಒಡವೆಗಳಿಗೆ ತಾಮ್ರ ಮತ್ತು ಬೆಳ್ಳಿಯನ್ನು ಬೆರೆಸಲಾಗುತ್ತದೆ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ 22 ಕ್ಯಾರೆಟ್ ಒಡವೆಯಲ್ಲಿ ಸಾವಿರ ಪಾಲಿಗೆ 916 ಪಾಲು ಚಿನ್ನ, ಉಳಿದ 84 ಪಾಲು ಇತರ ಲೋಹಗಳಿರುತ್ತವೆ. ಹರಳಿನ ಒಡವೆಗಳಲ್ಲಿ ಬಳಸುವ 18 ಕ್ಯಾರೆಟ್‌ನಲ್ಲಿ ಚಿನ್ನದ ಪಾಲು 750 ಮಾತ್ರ. ಬೆವರು, ಗಾಳಿಯಲ್ಲಿನ ಗಂಧಕದ ಅಂಶ ಹಾಗೂ ತೇವದಿಂದ ಬಣ್ಣಗೆಡುವುದು ಈ ಬೆರಕೆ ಲೋಹಗಳೇ ಹೊರತು ಚಿನ್ನವಲ್ಲ. ಕ್ಯಾರೆಟ್ ಕಡಿಮೆಯಾದಷ್ಟೂ, ಬೆಸುಗೆಯ ಜಾಗಗಳು ಹೆಚ್ಚಾದಷ್ಟೂ ಕಪ್ಪು ಬೇಗ ಕಾಣಿಸಿಕೊಳ್ಳುತ್ತದೆ.

ಆದರೆ ಮನೆಬಳಕೆಯ ಒಡವೆ ಮಂಕಾಗಿ ಕಾಣಲು ಮುಖ್ಯ ಕಾರಣ ಇದೂ ಅಲ್ಲ. ಅರಿಶಿನ, ಕುಂಕುಮ, ತಲೆಗೆ ಹಚ್ಚಿದ ಎಣ್ಣೆ, ಮೈಸೋಪಿನ ಜಿಡ್ಡು, ಪೌಡರು, ಬೆವರಿನ ಉಪ್ಪು, ಅಡುಗೆಮನೆಯ ಹೊಗೆ ಇವೆಲ್ಲ ಸೇರಿ ಒಡವೆಯ ಮೇಲೆ ತೆಳುವಾದ ಪದರವೊಂದು ಕೂಡುತ್ತದೆ. ಗಡಸು ನೀರಿನ ಬೋರ್‌ವೆಲ್ ಇರುವ ಊರುಗಳಲ್ಲಿ ಸೋಪು ನೀರಿನ ಸುಣ್ಣದೊಂದಿಗೆ ಸೇರಿ ಬಿಳಿಯ ಗಸಿಯಾಗಿ ಸರದ ಕೊಂಡಿಗಳ ನಡುವೆ ನಿಲ್ಲುತ್ತದೆ. ಅಂದರೆ ಹತ್ತರಲ್ಲಿ ಒಂಬತ್ತು ಸಂದರ್ಭಗಳಲ್ಲಿ ಚಿನ್ನ ಮಂಕಾಗಿರುವುದಿಲ್ಲ. ಅದರ ಮೇಲೆ ಕೊಳೆ ಕುಳಿತಿರುತ್ತದೆ, ಅಷ್ಟೆ. ಕೊಳೆಯನ್ನು ತೆಗೆಯಲು ಬೇಕಾದದ್ದು ನೀರು ಮತ್ತು ತಾಳ್ಮೆ. ಅದಕ್ಕಾಗಿ ಒಡವೆಯನ್ನೇ ಕೆರೆದುಹಾಕುವುದು ಗೋಡೆಯ ಧೂಳು ತೆಗೆಯಲು ಗಾರೆಯನ್ನೇ ಕೆತ್ತಿದಂತೆ.

ಸವಕಳಿಯ ಲೆಕ್ಕ

ವಸ್ತುಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಚಿನ್ನದ ಸ್ಥಾನ 2.5ರಿಂದ 3ರವರೆಗೆ. ಗಾಜಿನದು ಸುಮಾರು 5.5, ಸಾಮಾನ್ಯ ಮರಳಿನ ಕಣದ್ದು 7. ತಾಮ್ರ, ಬೆಳ್ಳಿ ಬೆರೆತ ಒಡವೆ ಅಪ್ಪಟ ಚಿನ್ನಕ್ಕಿಂತ ಗಟ್ಟಿಯಾದರೂ ಗಾಜಿಗಿಂತ ಬಹಳ ಮೆದು. ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಗಾಜಿನ ಬಳೆಗಳ ನಡುವೆ ದಿನವಿಡೀ ಧರಿಸುವ ಚಿನ್ನದ ಬಳೆ ವರ್ಷಗಳು ಕಳೆದಂತೆ ಅಂಚಿನಲ್ಲಿ ತೆಳುವಾಗುತ್ತದೆ. ಎರಡನೆಯದಾಗಿ, ಧೂಳು ಹಿಡಿದ ಒಡವೆಯನ್ನು ಒಣಬಟ್ಟೆಯಿಂದ ಬಲವಾಗಿ ಉಜ್ಜಿದರೆ ಧೂಳಿನಲ್ಲಿರುವ ಮರಳಿನ ಕಣಗಳೇ ಅರದಂತೆ ಕೆಲಸ ಮಾಡುತ್ತವೆ.

ಇದರ ಹಣಕಾಸಿನ ಪರಿಣಾಮವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ಅರಿಯಬಹುದು. 40 ಗ್ರಾಂ ತೂಕದ ಸರವೊಂದನ್ನು ಪ್ರತಿ ವರ್ಷ ಹಬ್ಬದ ಮುನ್ನ ಪಾಲಿಷ್‌ಗೆ ಕೊಡಲಾಗುತ್ತದೆ ಎಂದೂ ಪ್ರತಿ ಸಲ 100 ಮಿಲಿಗ್ರಾಂ, ಅಂದರೆ ಗ್ರಾಂನ ಹತ್ತನೆಯ ಒಂದು ಪಾಲು ಕಡಿಮೆಯಾಗುತ್ತದೆ ಎಂದೂ ಇಟ್ಟುಕೊಳ್ಳೋಣ. ಇಷ್ಟು ಸಣ್ಣ ವ್ಯತ್ಯಾಸ ಕೈಗೆ ತಿಳಿಯುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಆದರೆ 25 ವರ್ಷಗಳಲ್ಲಿ ಹೋದದ್ದು ಎರಡೂವರೆ ಗ್ರಾಂ. 2000ನೇ ಇಸವಿಯ ಸುಮಾರಿಗೆ 10 ಗ್ರಾಂ ಚಿನ್ನದ ದರ ಐದು ಸಾವಿರ ರೂಪಾಯಿಗಿಂತ ಕಡಿಮೆಯಿತ್ತು. ಅಂದು ಒಂದು ಸಲದ ನಷ್ಟ 50 ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. 2025ರಲ್ಲಿ 10 ಗ್ರಾಂ ದರ ಒಂದು ಲಕ್ಷ ರೂಪಾಯಿಯನ್ನು ದಾಟಿತು. ಲೆಕ್ಕದ ಅನುಕೂಲಕ್ಕೆ ಗ್ರಾಂಗೆ 10,000 ರೂಪಾಯಿ ಎಂದು ಹಿಡಿದರೂ ಒಂದು ಸಲದ ನಷ್ಟ 1,000 ರೂಪಾಯಿ, ಒಟ್ಟು ನಷ್ಟ 25,000 ರೂಪಾಯಿ. ಪಾಲಿಷ್‌ಗೆಂದು ಕೊಟ್ಟ ಕೂಲಿ ಇದರಲ್ಲಿ ಸೇರಿಲ್ಲ. ನಮ್ಮ ರಾಜ್ಯದ ಹಟ್ಟಿಯಂತಹ ಗಣಿಗಳಲ್ಲಿ ಒಂದು ಟನ್ ಅದಿರನ್ನು ಪುಡಿಮಾಡಿದರೆ ದೊರೆಯುವುದು ಕೆಲವೇ ಗ್ರಾಂ ಚಿನ್ನ ಎಂಬುದನ್ನು ನೆನೆದರೆ ಈ ಎರಡೂವರೆ ಗ್ರಾಂನ ಬೆಲೆ ಇನ್ನಷ್ಟು ಮನದಟ್ಟಾಗುತ್ತದೆ.

ಹಿಂದಿನ ದರದಲ್ಲಿ ಉಪೇಕ್ಷಿಸಬಹುದಾಗಿದ್ದ ಸವಕಳಿ ಇಂದಿನ ದರದಲ್ಲಿ ಉಪೇಕ್ಷಣೀಯವಲ್ಲ.

ತೊಳೆಯುವ ಕ್ರಮ

ಹರಳು, ಮುತ್ತು, ಅರಗು ಯಾವುದೂ ಇಲ್ಲದ ಸಾದಾ ಚಿನ್ನದ ಸರ, ಬಳೆ, ಉಂಗುರಗಳನ್ನು ಮನೆಯಲ್ಲಿ ತೊಳೆಯುವುದು ಸುಲಭ. ಬೇಕಾಗುವುದು ಎರಡು ಬೋಗುಣಿ, ಉಗುರುಬೆಚ್ಚನೆಯ ನೀರು, ಸೌಮ್ಯವಾದ ದ್ರವ ಸೋಪಿನ ಕೆಲವು ಹನಿ, ಮಕ್ಕಳ ಹಲ್ಲುಜ್ಜುವ ಮೆತ್ತನೆಯ ಬ್ರಷ್ ಮತ್ತು ಹಳೆಯ ಹತ್ತಿಬಟ್ಟೆ. ಸೋಪಿಗೆ ಬದಲಾಗಿ ಅಂಟುವಾಳಕಾಯಿಯನ್ನು ನೆನೆಸಿ, ಕಿವುಚಿ, ಸೋಸಿದ ನೀರನ್ನು ಬಳಸಬಹುದು. ನಮ್ಮ ಅಕ್ಕಸಾಲಿಗರು ತಲೆಮಾರುಗಳಿಂದ ಇದನ್ನೇ ಬಳಸುತ್ತ ಬಂದಿದ್ದಾರೆ. ಜಿಡ್ಡನ್ನು ಬಿಡಿಸುವ ಗುಣ ಅದರ ನೊರೆಯಲ್ಲಿದೆ, ಲೋಹವನ್ನು ಕೆರೆಯುವ ಗುಣ ಅದರಲ್ಲಿಲ್ಲ.

ಮೊದಲು ಒಡವೆಯನ್ನು ಸೋಪಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಯಲು ಬಿಡಬೇಕು. ಶೇಕಡಾ ಎಂಬತ್ತರಷ್ಟು ಕೆಲಸವನ್ನು ಈ ನೆನೆಸುವಿಕೆಯೇ ಮಾಡಿ ಮುಗಿಸುತ್ತದೆ ಎಂದರೂ ಸಲ್ಲುತ್ತದೆ. ಅನಂತರ ಕೊಂಡಿಗಳ ಸಂದು, ಬಳೆಯ ಒಳಮೈ, ಓಲೆಯ ತಿರುಪಿನ ಸುರುಳಿ ಮೊದಲಾದ ಕಡೆ ಬ್ರಷ್‌ನಿಂದ ಹಗುರವಾಗಿ ತಿಕ್ಕಬೇಕು. ಬಳಿಕ ಎರಡನೆಯ ಬೋಗುಣಿಯ ಶುದ್ಧ ನೀರಿನಲ್ಲಿ ಎರಡು ಮೂರು ಬಾರಿ ಅದ್ದಿ ಸೋಪು ಉಳಿಯದಂತೆ ತೆಗೆಯಬೇಕು. ಬಟ್ಟೆಯಿಂದ ಉಜ್ಜದೆ ಒತ್ತಿ ನೀರನ್ನು ಹೀರಿಸಿ, ಒಣಬಟ್ಟೆಯ ಮೇಲೆ ನೆರಳಿನಲ್ಲಿ ಒಂದೆರಡು ಗಂಟೆ ಹರಡಿದ ನಂತರವೇ ಪೆಟ್ಟಿಗೆಗೆ ಸೇರಿಸಬೇಕು.

ಈ ಕೆಲಸವನ್ನು ಸಿಂಕಿನಲ್ಲಾಗಲೀ ಬಚ್ಚಲಿನಲ್ಲಾಗಲೀ ಎಂದಿಗೂ ಮಾಡಬಾರದು. ಸಡಿಲಗೊಂಡ ಹರಳು, ಕಳಚಿದ ತಿರುಪು, ಮುರಿದ ಕೊಂಡಿ ನೀರಿನೊಂದಿಗೆ ಹರಿದುಹೋದರೆ ಮರಳಿ ಸಿಗುವುದು ದುರ್ಲಭ. ತೊಳೆದ ನೀರನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ ನೋಡಿದ ನಂತರವೇ ಚೆಲ್ಲುವುದು ಲೇಸು.

ತೊಳೆಯುವ ಸಮಯವೇ ತಪಾಸಣೆಯ ಸಮಯವೂ ಹೌದು. ನಿತ್ಯ ಧರಿಸುವ ಮಾಂಗಲ್ಯಸರದಲ್ಲಿ ಕೊಂಡಿಯೊಂದು ಮತ್ತೊಂದರ ಮೇಲೆ ಸದಾ ಉಜ್ಜುತ್ತಿರುವುದರಿಂದ ಅವು ಸೇರುವ ಜಾಗ ಮೊದಲು ಸವೆಯುತ್ತದೆ. ಕೊಕ್ಕೆ ಸಡಿಲವಾಗಿದೆಯೇ, ಕರಿಮಣಿಯನ್ನು ಪೋಣಿಸಿದ ತಂತಿ ಅಥವಾ ದಾರ ಸೊರಗಿದೆಯೇ, ಓಲೆಯ ತಿರುಪಿನ ಎಳೆ ಸವೆದಿದೆಯೇ ಎಂದು ಬೆಳಕಿನಲ್ಲಿ ನೋಡಬೇಕು. ಸಕಾಲದಲ್ಲಿ ಒಂದು ಕೊಂಡಿಗೆ ಬೆಸುಗೆ ಹಾಕಿಸಲು ತಗಲುವ ವೆಚ್ಚ ಅಲ್ಪ; ಜನಜಂಗುಳಿಯಲ್ಲಿ ಸರ ಜಾರಿದರೆ ಆಗುವ ನಷ್ಟ ಪೂರ್ಣ. ನಿತ್ಯ ಬಳಕೆಯ ಒಡವೆಗಳನ್ನು ತಿಂಗಳಿಗೊಮ್ಮೆ, ಸಮಾರಂಭಗಳಿಗೆ ಮಾತ್ರ ಧರಿಸುವಂಥವನ್ನು ಧರಿಸಿದ ಮರುದಿನ ತೊಳೆದಿಟ್ಟರೆ ಸಾಕು.

ಬಳಸಬಾರದ ವಸ್ತುಗಳು

ಮನೆಗಳಲ್ಲಿ ಚಿನ್ನ ಬೆಳಗಲು ಟೂತ್‌ಪೇಸ್ಟ್ ಬಳಸುವುದು ಬಹು ಸಾಮಾನ್ಯ. ಹಲ್ಲಿನ ಕರೆ ತೆಗೆಯಲೆಂದು ಅದರಲ್ಲಿ ನುಣ್ಣನೆಯ ಗಡಸು ಪುಡಿಯನ್ನು ಸೇರಿಸಿರುತ್ತಾರೆ. ಹಲ್ಲಿನ ಹೊರಪದರ ಚಿನ್ನಕ್ಕಿಂತ ಎಷ್ಟೋ ಗಟ್ಟಿ. ಅದಕ್ಕೆ ಹೊಂದುವ ಪುಡಿ ಚಿನ್ನದ ಮೇಲೆ ಗೀರುಗಳನ್ನು ಮೂಡಿಸುತ್ತದೆ. ಆ ಕ್ಷಣಕ್ಕೆ ಹೊಳಪು ಕಂಡರೂ ಅದು ಮೇಲ್ಪದರವನ್ನು ಕಳೆದು ಪಡೆದ ಹೊಳಪು. ಪಾತ್ರೆ ತೊಳೆಯುವ ಪುಡಿ, ತಂತಿಯ ನಾರು, ಬೂದಿ, ಇಟ್ಟಿಗೆಪುಡಿ ಇವುಗಳ ವಿಷಯವನ್ನಂತೂ ಹೇಳಬೇಕಾದುದೇ ಇಲ್ಲ.

ಹಿತ್ತಾಳೆ ದೀಪಕ್ಕೂ ತಾಮ್ರದ ಬಿಂದಿಗೆಗೂ ಹುಣಸೆಹಣ್ಣು ಒಳ್ಳೆಯದು. ಆದರೆ ಹುಣಸೆ, ನಿಂಬೆ, ವಿನೆಗರ್ ಮುಂತಾದ ಹುಳಿಗಳು ಚಿನ್ನವನ್ನು ಏನೂ ಮಾಡದಿದ್ದರೂ ಬೆರಕೆಯಲ್ಲಿರುವ ತಾಮ್ರವನ್ನು ತಟ್ಟುತ್ತವೆ. ಮುತ್ತು ಹವಳಗಳನ್ನಂತೂ ಕೆಡಿಸಿಬಿಡುತ್ತವೆ. ಬ್ಲೀಚಿಂಗ್ ಪುಡಿ, ನೆಲ ತೊಳೆಯುವ ಕ್ಲೋರಿನ್ ದ್ರಾವಣ ಹಾಗೂ ಈಜುಕೊಳದ ನೀರು ಬೆರಕೆ ಲೋಹಗಳನ್ನು ಒಳಗಿನಿಂದ ದುರ್ಬಲಗೊಳಿಸುತ್ತವೆ. ಬೆಸುಗೆಯ ಜಾಗ ಮತ್ತು ಹರಳನ್ನು ಹಿಡಿದಿರುವ ಕೊಕ್ಕೆಗಳು, ವಿಶೇಷವಾಗಿ ಕಡಿಮೆ ಕ್ಯಾರೆಟ್‌ನ ಒಡವೆಗಳಲ್ಲಿ, ಕಾರಣವಿಲ್ಲದೆ ಮುರಿದಂತೆ ತೋರಿದರೆ ಅದರ ಹಿಂದೆ ಕ್ಲೋರಿನ್ ಇರುವ ಸಾಧ್ಯತೆಯುಂಟು. ಇಂತಹ ಕೆಲಸ ಮಾಡುವಾಗ ಉಂಗುರ, ಬಳೆಗಳನ್ನು ತೆಗೆದಿಡುವುದು ಕ್ಷೇಮ.

ಎಲ್ಲಕ್ಕಿಂತ ಅಪಾಯಕಾರಿಯಾದುದು ಪಾದರಸ. ಒಡೆದ ಥರ್ಮಾಮೀಟರಿನ ಪಾದರಸ ಸೋಕಿದರೂ ಚಿನ್ನ ಅದರೊಂದಿಗೆ ಬೆರೆತು ಬೆಳ್ಳಗಾಗುತ್ತದೆ, ಪೆಡಸಾಗುತ್ತದೆ. ಪಾದರಸ ಬೆರೆತ ಕೆಲವು ಕಳಪೆ ಮುಖದ ಕ್ರೀಮುಗಳಿಂದಲೂ ಉಂಗುರ ಬೆಳ್ಳಗಾಗುವುದುಂಟು. ಇಂತಹ ಒಡವೆಯನ್ನು ಮನೆಯ ಒಲೆಯಲ್ಲಿ ಕಾಸಿ ಸರಿಪಡಿಸಲು ಯತ್ನಿಸಬಾರದು. ಹೊರಹೊಮ್ಮುವ ಆವಿ ವಿಷಕಾರಿ. ಕ್ಯಾಡ್ಮಿಯಂ ಬೆಸುಗೆಯ ಹಳೆಯ ‘ಕೆಡಿಎಂ’ ಒಡವೆಗಳನ್ನು ಕಾಸುವುದೂ ಅಷ್ಟೇ ಅಪಾಯಕರ.

ಹರಳು, ಮುತ್ತು, ಅರಗು

ಎಲ್ಲ ಒಡವೆಗಳಿಗೂ ಒಂದೇ ಕ್ರಮ ಸಲ್ಲದು. ಮುತ್ತು ಮತ್ತು ಹವಳ ಸುಣ್ಣದ ಅಂಶದಿಂದಾದವು, ಅವನ್ನು ನೆನೆಸಬಾರದು. ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒಂದೊಂದನ್ನೂ ಒರೆಸಿ ಗಾಳಿಗಿಟ್ಟರೆ ಸಾಕು. ರೇಷ್ಮೆದಾರ ತೇವ ಹೀರಿದರೆ ಹಿಗ್ಗುತ್ತದೆ, ಕೊನೆಗೆ ಕಡಿಯುತ್ತದೆ. ಪಚ್ಚೆಯ ಬಿರುಕುಗಳು ಕಾಣದಂತೆ ಅದಕ್ಕೆ ಎಣ್ಣೆ ತುಂಬುವ ಪದ್ಧತಿ ಇರುವುದರಿಂದ ಬಿಸಿನೀರು ಮತ್ತು ಸೋಪು ಅದರ ಕಾಂತಿಯನ್ನು ಕುಗ್ಗಿಸಬಲ್ಲವು. ಬಿರುಕುಗಳಿಗೆ ಗಾಜು ತುಂಬಿದ ಅಗ್ಗದ ಕೆಂಪುಗಳನ್ನು ಹುಳಿಯಿಂದಲೂ ಸೋಡಾದಿಂದಲೂ ದೂರವಿಡಬೇಕು.

ಕುಂದಣದ ಕೆಲಸದಲ್ಲಿ ಹರಳಿನ ಹಿಂದೆ ಹೊಳಪಿನ ತೆಳುಹಾಳೆಯಿರುತ್ತದೆ. ನೀರು ಒಳಸೇರಿದರೆ ಹಾಳೆ ಕಪ್ಪಾಗಿ ಹರಳು ಶಾಶ್ವತವಾಗಿ ಮಂಕಾಗುತ್ತದೆ. ಟೊಳ್ಳಾದ ಗುಂಡು, ಅರಗು ತುಂಬಿದ ಬಳೆ, ಕೊಡಗಿನ ಜೋಮಾಲೆಯಂತಹ ಒಡವೆಗಳಲ್ಲಿ ಒಳಗಿನ ಅರಗೇ ತೆಳುವಾದ ಚಿನ್ನದ ತಗಡಿಗೆ ಆಧಾರ. ಬಿಸಿನೀರಿಗೆ ಅರಗು ಮೆತ್ತಗಾಗಿ ತಗಡು ಕುಗ್ಗುತ್ತದೆ. ಆದ್ದರಿಂದ ಇವುಗಳಿಗೆ ಒಣ ಮೆತ್ತನೆಯ ಬ್ರಷ್ ಮತ್ತು ತುಸುವೇ ಒದ್ದೆಯಾದ ಬಟ್ಟೆ ಮಾತ್ರ ತಕ್ಕುದು. ‘ಒನ್ ಗ್ರಾಂ ಗೋಲ್ಡ್’ ಎಂದು ಮಾರಾಟವಾಗುವ ಲೇಪನದ ಆಭರಣಗಳಲ್ಲಿ ಚಿನ್ನದ ಪದರ ಅತ್ಯಂತ ತೆಳು. ಅವನ್ನು ಧರಿಸಿದ ನಂತರ ಒರೆಸಿಡುವುದೊಂದೇ ಉಪಾಯ.

ಪಾಲಿಷ್ ಎಂಬ ವ್ಯವಹಾರ

ಅಕ್ಕನ ಚಿನ್ನವನ್ನೂ ಅಕ್ಕಸಾಲಿಗ ಬಿಡಲಾರ ಎಂಬ ಗಾದೆ ಒಂದು ಇಡೀ ಕಸುಬಿನವರನ್ನು ಹಳಿಯುತ್ತದೆ. ಅದು ನ್ಯಾಯವಲ್ಲ. ಚಿನ್ನವನ್ನು ಅರದಿಂದ ತೀಡಿದಾಗ, ಬಫಿಂಗ್ ಚಕ್ರಕ್ಕೆ ಹಿಡಿದಾಗ ಪುಡಿ ಉದುರುವುದು ಕೆಲಸದ ಸ್ವಭಾವ, ಕೆಲಸಗಾರನ ದುರ್ಗುಣವಲ್ಲ. ಚಿನ್ನದ ಕೆಲಸ ನಡೆಯುವ ಕೋಣೆಗಳ ಕಸಕ್ಕೂ ಬೆಲೆಯಿರುವುದು, ಅದನ್ನು ಕೊಂಡು ಸೋಸಿ ಚಿನ್ನ ತೆಗೆದು ಬದುಕುವವರಿರುವುದು ಈ ಕಾರಣಕ್ಕೇ. ಪ್ರಶ್ನೆ ಇರುವುದು ಪುಡಿ ಉದುರಿತೇ ಎಂಬುದರಲ್ಲಿ ಅಲ್ಲ. ಎಷ್ಟು ಉದುರಿತು, ಅದು ಇಬ್ಬರ ಅರಿವಿಗೂ ಬಂದಿತೇ ಎಂಬುದರಲ್ಲಿ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಕೊಳಕಾದ ಸರವನ್ನು ಹಾಗೆಯೇ ಕೊಟ್ಟರೆ ತೂಕ ಕಡಿಮೆಯಾದಾಗ ಅಂಗಡಿಯವರು ಅದು ಕೊಳೆಯ ತೂಕ ಎನ್ನುತ್ತಾರೆ. ಅದು ಭಾಗಶಃ ನಿಜವೂ ಆಗಿರುತ್ತದೆ. ಎಷ್ಟು ಕೊಳೆ, ಎಷ್ಟು ಚಿನ್ನ ಎಂದು ಆಮೇಲೆ ತೀರ್ಮಾನಿಸಲು ಯಾರಿಂದಲೂ ಆಗದು. ಆದ್ದರಿಂದ ಮೊದಲು ಮನೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ಎದುರಿಗೇ ತೂಗಿಸಿ, ಆ ತೂಕವನ್ನು ಚೀಟಿಯಲ್ಲಿ ಬರೆಸಿಕೊಂಡು ಒಡವೆಯನ್ನು ಒಪ್ಪಿಸಬೇಕು. ಆಗ ಮರಳಿ ಬರುವಾಗ ಕಾಣುವ ವ್ಯತ್ಯಾಸ ಲೋಹದ್ದೇ ಆಗಿರುತ್ತದೆ. ಇನ್ನೊಂದು ಪ್ರಯೋಜನವೂ ಉಂಟು: ಹೀಗೆ ತೊಳೆದ ಮೇಲೆ ಬಹುತೇಕ ಒಡವೆಗಳಿಗೆ ಪಾಲಿಷ್‌ನ ಅಗತ್ಯವೇ ಇಲ್ಲವೆಂಬುದು ತಿಳಿದುಬರುತ್ತದೆ.

ಅಂಗಡಿಯಲ್ಲಿ ‘ತೊಳೆದುಕೊಡುವುದು’ ಬೇರೆ, ‘ಪಾಲಿಷ್ ಮಾಡುವುದು’ ಬೇರೆ. ಅಲ್ಟ್ರಾಸಾನಿಕ್ ಯಂತ್ರದಲ್ಲಿ ಸೋಪಿನ ದ್ರಾವಣದ ಸೂಕ್ಷ್ಮ ಕಂಪನದಿಂದ ಕೊಳೆ ಬಿಡುತ್ತದೆ. ಸಾದಾ ಒಡವೆಗೆ ಅದು ಸೂಕ್ತ, ಮುತ್ತು ಹವಳ ಪಚ್ಚೆಗಳಿಗೆ ಸಲ್ಲದು. ಬಫಿಂಗ್‌ನಲ್ಲಿ ಮೇಲ್ಮೈಯನ್ನೇ ಸವೆಸಲಾಗುತ್ತದೆ. ಗೀರುಗಳು ಬಹಳವಾದಾಗ ಮಾತ್ರ ಅದನ್ನು ಕೇಳುವುದು ವಿವೇಕ. ಪದೇ ಪದೇ ಬಫಿಂಗ್ ಮಾಡಿಸಿದರೆ ಹಾಲ್‌ಮಾರ್ಕ್‌ನ ಸೂಕ್ಷ್ಮ ಅಕ್ಷರಗಳೂ ಅಳಿಯಬಹುದು. 2021ರ ಜುಲೈ 1ರಿಂದ ಹಾಲ್‌ಮಾರ್ಕ್ ಎಂದರೆ ಮೂರು ಗುರುತುಗಳು: ಭಾರತೀಯ ಮಾನಕ ಬ್ಯೂರೋದ ಲಾಂಛನ, ಶುದ್ಧತೆಯ ಅಂಕಿ ಮತ್ತು ಅಕ್ಷರ ಅಂಕಿಗಳು ಸೇರಿದ ಆರು ಸ್ಥಾನಗಳ ಎಚ್‌ಯುಐಡಿ. ಈ ಸಂಖ್ಯೆಯನ್ನು ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಅದು ಅಳಿದರೆ ಶುದ್ಧತೆಯನ್ನು ಮತ್ತೆ ಪರೀಕ್ಷೆಯಿಂದಲೇ ಸಾಬೀತುಪಡಿಸಬೇಕಾಗುತ್ತದೆ.

ಬೀದಿಯ ಪಾಲಿಷ್: ವಂಚನೆಯ ರೀತಿ

ಇನ್ನು ಮನೆಬಾಗಿಲಿಗೆ ಬಂದು ಒಡವೆ ಬೆಳಗಿಕೊಡುತ್ತೇವೆ ಎನ್ನುವವರ ವಿಷಯ. ಮೊದಲು ಹಿತ್ತಾಳೆಯ ಪಾತ್ರೆಯನ್ನೋ ಬೆಳ್ಳಿಯ ಕಾಲುಂಗುರವನ್ನೋ ಥಳಥಳಿಸುವಂತೆ ಮಾಡಿ ನಂಬಿಕೆ ಗಳಿಸುತ್ತಾರೆ. ಅನಂತರ ಸರವನ್ನು ಪಡೆದು ದ್ರಾವಣವೊಂದರಲ್ಲಿ ಅದ್ದುತ್ತಾರೆ. ಕೊನೆಗೆ ಅರಿಶಿನದ ನೀರಿನೊಂದಿಗೆ ಕುಕ್ಕರಿನಲ್ಲಿಟ್ಟು ಸ್ವಲ್ಪ ಹೊತ್ತು ಕಾಯಿಸಿ, ಆರಿದ ಮೇಲೆ ತೆರೆಯಿರಿ ಎಂದು ಹೇಳಿ ಹೊರಟುಬಿಡುತ್ತಾರೆ. ಕುಕ್ಕರ್ ತೆರೆಯುವ ವೇಳೆಗೆ ಅವರು ಬೀದಿ ದಾಟಿರುತ್ತಾರೆ. ಸರ ತೆಳುವಾಗಿರುತ್ತದೆ, ಇಲ್ಲವೇ ಇರುವುದೇ ಇಲ್ಲ.

ಈ ದ್ರಾವಣದಲ್ಲಿ ಮಾಯಮಂತ್ರವೇನೂ ಇಲ್ಲ. ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಒಂದು ಪಾಲು ನೈಟ್ರಿಕ್ ಆಮ್ಲ ಸೇರಿದರೆ ‘ಆಕ್ವಾ ರೀಜಿಯಾ’ ಎಂಬ ದ್ರವವಾಗುತ್ತದೆ. ಪ್ರತ್ಯೇಕವಾಗಿ ಈ ಎರಡೂ ಆಮ್ಲಗಳು ಚಿನ್ನವನ್ನು ಕರಗಿಸಲಾರವು, ಒಟ್ಟಾದರೆ ಕರಗಿಸುತ್ತವೆ. ಕರಗಿದ ಚಿನ್ನ ನಾಶವಾಗುವುದಿಲ್ಲ. ಮತ್ತೊಂದು ರಾಸಾಯನಿಕವನ್ನು ಸೇರಿಸಿದರೆ ಪುಡಿಯ ರೂಪದಲ್ಲಿ ತಳಕ್ಕೆ ಇಳಿಯುತ್ತದೆ. ಸಯನೈಡ್ ದ್ರಾವಣಕ್ಕೂ ಚಿನ್ನವನ್ನು ಕರಗಿಸುವ ಗುಣವಿದೆ; ಗಣಿಗಳಲ್ಲಿ ಅದಿರಿನಿಂದ ಚಿನ್ನವನ್ನು ಬೇರ್ಪಡಿಸುವುದು ಇದೇ ಗುಣದ ಆಧಾರದಿಂದ. ಅಂದರೆ ಅಪರಿಚಿತನ ಬಟ್ಟಲಿನಲ್ಲಿ ಅದ್ದಿದ ಒಡವೆ ಗಣಿಯ ಅದಿರಿನ ಸ್ಥಿತಿಗೆ ಇಳಿದಂತೆಯೇ ಸರಿ. ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಈ ಸಂಗತಿಯನ್ನು ವಿವರಿಸಿ ಹೇಳುವುದು ಬೀಗ ಹಾಕುವಷ್ಟೇ ಅವಶ್ಯಕ.

ಇರಿಸುವ ಕ್ರಮ

ಶುಚಿಯಾದ ಒಡವೆಗಳನ್ನು ಒಂದೇ ಡಬ್ಬಿಯಲ್ಲಿ ಸುರಿದಿಟ್ಟರೆ ಅವು ಒಂದನ್ನೊಂದು ಗೀರುತ್ತವೆ. ಹರಳಿನ ಉಂಗುರ ಪಕ್ಕದ ಬಳೆಯನ್ನು ಕೆರೆಯುತ್ತದೆ. ಪ್ರತಿಯೊಂದನ್ನೂ ಬೇರೆ ಬೇರೆ ಮೃದುವಾದ ಹತ್ತಿಬಟ್ಟೆಯಲ್ಲಿ ಅಥವಾ ಅಂಗಡಿಗಳಲ್ಲಿ ಕೊಡುವ ಗುಲಾಬಿ ಬಣ್ಣದ ತೆಳುಕಾಗದದಲ್ಲಿ ಸುತ್ತಬೇಕು. ಸರಗಳ ಕೊಕ್ಕೆ ಹಾಕಿ ಇರಿಸಿದರೆ ಗಂಟು ಬೀಳುವುದಿಲ್ಲ. ರಬ್ಬರ್ ಬ್ಯಾಂಡಿನಲ್ಲಿ ಗಂಧಕದ ಅಂಶವಿರುವುದರಿಂದ ಅದನ್ನು ಒಡವೆಗೆ ಸುತ್ತಬಾರದು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡುವುದು ಒಳ್ಳೆಯದು. ಮುತ್ತುಗಳನ್ನು ಮಾತ್ರ ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಬಾರದು.

ಬ್ಯಾಂಕಿನ ಲಾಕರಿನಲ್ಲಿ ಇರಿಸುವವರು ಒಂದು ನಿಯಮವನ್ನು ಅರಿತಿರಬೇಕು. ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಹೊರಡಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ಪರಿಷ್ಕೃತ ಸೂಚನೆಯಂತೆ ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ಲಾಕರಿನ ವಸ್ತುಗಳು ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಬಾಡಿಗೆ 3,000 ರೂಪಾಯಿ ಇದ್ದರೆ ಹೊಣೆ 3 ಲಕ್ಷ ರೂಪಾಯಿ. ಒಳಗೆ ಏನಿದೆ ಎಂಬುದರ ದಾಖಲೆಯನ್ನು ಬ್ಯಾಂಕ್ ಇಟ್ಟುಕೊಳ್ಳುವುದಿಲ್ಲ; ಅದನ್ನು ಇಟ್ಟುಕೊಳ್ಳಬೇಕಾದವರು ಗ್ರಾಹಕರೇ.

ತೂಕದ ಪುಸ್ತಕ

ಈ ದಾಖಲೆಗೆ ದೊಡ್ಡ ಸಿದ್ಧತೆ ಬೇಡ. ಗೆರೆ ಹಾಕಿದ ಒಂದು ನೋಟ್‌ಪುಸ್ತಕ ಸಾಕು. ಪ್ರತಿ ಒಡವೆಗೆ ಒಂದು ಪುಟ: ಹೆಸರು, ಕೊಂಡ ಅಥವಾ ಬಂದ ದಿನಾಂಕ, ಕೊಟ್ಟವರು ಯಾರು, ರಸೀದಿಯ ಸಂಖ್ಯೆ, ಒಟ್ಟು ತೂಕ, ಹರಳು ಅರಗು ಕಳೆದ ನಿವ್ವಳ ತೂಕ, ಕ್ಯಾರೆಟ್, ಎಚ್‌ಯುಐಡಿ. ಅದರ ಕೆಳಗೆ ಪಾಲಿಷ್ ಅಥವಾ ದುರಸ್ತಿಯ ದಿನಾಂಕ, ಕೊಡುವಾಗಿನ ತೂಕ, ಮರಳಿ ಬಂದಾಗಿನ ತೂಕ. ಜೊತೆಗೊಂದು ಭಾವಚಿತ್ರ. ಹಳೆಯ ರಸೀದಿಗಳಲ್ಲಿ ತೊಲ, ಸವರನ್ ಲೆಕ್ಕ ಇದ್ದರೆ ಅದನ್ನು ಗ್ರಾಂಗೆ ಪರಿವರ್ತಿಸಿ ಬರೆಯಬೇಕು. ಒಂದು ತೊಲ 11.664 ಗ್ರಾಂ, ಒಂದು ಸವರನ್ ವ್ಯಾಪಾರದ ರೂಢಿಯಲ್ಲಿ 8 ಗ್ರಾಂ. ಈ ಪರಿವರ್ತನೆಯನ್ನು ಅರಿಯದೆ ತೂಕ ಕಡಿಮೆಯಾಯಿತೆಂದು ಜಗಳವಾಡಿದ ಕುಟುಂಬಗಳೂ ಇವೆ.

ಈ ಪುಸ್ತಕದ ಉಪಯೋಗ ಹಲವು. ಚಿನ್ನದ ಮೇಲೆ ಸಾಲ ಪಡೆಯುವಾಗ ಪರಿಗಣನೆಗೆ ಬರುವುದು ಹರಳು ಅರಗುಗಳನ್ನು ಕಳೆದ ನಿವ್ವಳ ಚಿನ್ನ. ವಿಮೆಯ ಪರಿಹಾರ ಕೇಳುವಾಗ ವಿವರಗಳ ಪಟ್ಟಿ ಬೇಕು. ಅಣ್ಣತಮ್ಮ ಅಕ್ಕತಂಗಿಯರಲ್ಲಿ ಪಾಲಾಗುವಾಗ ಬಾಯಿಮಾತಿಗಿಂತ ಬರೆದ ತೂಕ ಸಂಬಂಧಗಳನ್ನು ಉಳಿಸುತ್ತದೆ. ಆದಾಯ ತೆರಿಗೆಯ ದೃಷ್ಟಿಯಿಂದಲೂ ಇದು ಮುಖ್ಯ. 2024ರ ಜುಲೈ 23ರಿಂದ ಜಾರಿಗೆ ಬಂದ ಬದಲಾವಣೆಯಂತೆ 24 ತಿಂಗಳಿಗೂ ಹೆಚ್ಚು ಕಾಲ ಇಟ್ಟುಕೊಂಡ ಒಡವೆಯನ್ನು ಮಾರಿದಾಗ ದೊರೆಯುವ ಲಾಭ ದೀರ್ಘಾವಧಿಯದೆನಿಸಿ ಶೇಕಡಾ 12.5ರ ದರದಲ್ಲಿ ತೆರಿಗೆಗೆ ಒಳಪಟ್ಟಿತು. ಹಣದುಬ್ಬರ ಸೂಚ್ಯಂಕದ ಅನುಕೂಲ ಹೋಯಿತು. 2001ರ ಏಪ್ರಿಲ್ 1ಕ್ಕಿಂತ ಮೊದಲಿನ ಒಡವೆಗೆ ಮೂಲ ವೆಚ್ಚಕ್ಕೆ ಬದಲಾಗಿ ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಲು ಅವಕಾಶವಿದೆ. ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯುವ ವಿನಿಮಯವೂ ತೆರಿಗೆಯ ಕಣ್ಣಿನಲ್ಲಿ ಮಾರಾಟಕ್ಕೆ ಸಮಾನ. ಇವೆಲ್ಲಕ್ಕೂ ಆಧಾರ ಒಂದೇ: ಯಾವ ಒಡವೆ, ಯಾವಾಗ ಬಂದದ್ದು, ಎಷ್ಟು ತೂಕ.

ವರ್ತಕರ ಪಾಲು

ಈ ವಿಷಯದಲ್ಲಿ ಆಭರಣ ವರ್ತಕರ ಹಿತ ಗ್ರಾಹಕರ ಹಿತಕ್ಕೆ ವಿರುದ್ಧವಾದುದಲ್ಲ. ತೊಳೆಯಲು ಅಥವಾ ಪಾಲಿಷ್‌ಗೆ ಬಂದ ಪ್ರತಿ ಒಡವೆಯನ್ನೂ ಕಾನೂನು ಮಾಪನ ಇಲಾಖೆಯ ಮುದ್ರೆಯಿರುವ ತಕ್ಕಡಿಯಲ್ಲಿ ಗ್ರಾಹಕರ ಎದುರಿಗೇ ಎರಡು ಬಾರಿ ತೂಗಿ, ಎರಡೂ ತೂಕಗಳನ್ನು ಒಂದೇ ಚೀಟಿಯಲ್ಲಿ ಬರೆದುಕೊಡುವುದಕ್ಕೆ ತಗಲುವ ಸಮಯ ಎರಡು ನಿಮಿಷ. ತೊಳೆಯುವುದಷ್ಟೇ ಸಾಕು, ಬಫಿಂಗ್ ಬೇಡ ಎಂದು ತಾನಾಗಿ ಹೇಳುವ ಅಂಗಡಿಗೆ ಆ ದಿನದ ಕೂಲಿ ತಪ್ಪಬಹುದು. ಆದರೆ ಮುಂದಿನ ಮದುವೆಯ ಖರೀದಿಗೆ ಆ ಕುಟುಂಬ ಬೇರೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

ಯಂತ್ರದ ಸವಕಳಿಯನ್ನು ಲೆಕ್ಕದಲ್ಲಿ ಬರೆಯಬಹುದು, ತಡೆಯಲಾಗದು. ಒಡವೆಯ ಸವಕಳಿಯನ್ನು ಬಹುಮಟ್ಟಿಗೆ ತಡೆಯಬಹುದು. ಅದಕ್ಕೆ ಬೇಕಾದ ಬಂಡವಾಳ ಒಂದು ಬೋಗುಣಿ ನೀರು, ನಾಲ್ಕು ಅಂಟುವಾಳಕಾಯಿ ಮತ್ತು ಒಂದು ನೋಟ್‌ಪುಸ್ತಕ. ಮುಂದಿನ ಹಬ್ಬಕ್ಕೆ ಒಡವೆಗಳನ್ನು ಹೊರತೆಗೆದ ದಿನವೇ ಮೊದಲ ಪುಟವನ್ನು ಬರೆಯಲು ತಕ್ಕ ದಿನ.